ಸೊಲ್ಲಾಪುರ ನೋಡೋದು ಕೆರೆಯಿಂದ ಶುರುವಾಗಲಿ

(ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲ ಗುರುಗಳಿಗೂ ಅಕ್ಕಾವ್ರಿಗೂ ನಮಸ್ಕಾರ.

ದೀಪಾವಳಿ ರಜೆ ಮುಗಿಯುತ್ತಿದ್ದ ಹಾಗೆ ನಮ್ಮ ಶಾಲೆಗಳಲ್ಲಿ ಸಹಲಿನ, ಅಂದರೆ ಮಕ್ಕಳ ಪ್ರವಾಸದ, ಮಾತು ಏಳುತ್ತದೆ. ಈ ವರ್ಷ ಎಲ್ಲಿಗೆ? ಗೋಲಗುಂಬಜಕ್ಕೋ, ಹಂಪಿಗೋ, ರಾಯಗಡಕ್ಕೋ? ದುಡ್ಡಿದ್ದವರು ಮಹಾಬಳೇಶ್ವರ ಅನ್ನುತ್ತಾರೆ. ಎಲ್ಲವೂ ಒಳ್ಳೆಯ ಜಾಗಗಳೇ, ಹೋಗಬೇಡಿ ಅನ್ನುವುದಿಲ್ಲ. ಆದರೆ ನಮ್ಮ ಮಕ್ಕಳಿಗೆ ನಲವತ್ತು ಕಿಲೋಮೀಟರ್ ದೂರದ ಸೊಲ್ಲಾಪುರ ಏನೆಂದು ಗೊತ್ತಿದೆ? ಅಜ್ಜಿಗೆ ಕಣ್ಣಿನ ಆಪರೇಷನ್ ಆದ ಊರು. ಮದುವೆಗೆ ಬಟ್ಟೆ ತಂದ ಊರು. ಪುಣೆಯ ರೈಲು ಹತ್ತುವ ಊರು. ಅಷ್ಟೇ. ಒಂಬೈನೂರು ವರ್ಷದ ಹಿಂದೆ ಕನ್ನಡದ ಒಬ್ಬ ವಚನಕಾರ ತಾನೇ ನಿಂತು ಕಟ್ಟಿಸಿದ ಊರು ಅದು ಅನ್ನುವುದು ಮಕ್ಕಳಿಗಿರಲಿ, ಎಷ್ಟೋ ದೊಡ್ಡವರಿಗೂ ತಲೆಗೆ ಬರುವುದಿಲ್ಲ.

ಇವತ್ತು ನಾನು ಹೇಳಬೇಕಾದ್ದು ಒಂದೇ ಮಾತು. ಮಕ್ಕಳನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿ, ಮತ್ತು ಕೆರೆಯಿಂದ ಶುರು ಮಾಡಿ. ಸಾಮಾನ್ಯವಾಗಿ ಬಸ್ಸು ಇಳಿದವರು ಗುಡಿಗೆ ಹೋಗಿ ಕೈಮುಗಿದು, ಕೋಟೆಯ ಬಾಗಿಲಲ್ಲಿ ಒಂದು ಫೋಟೋ ತೆಗೆಸಿಕೊಂಡು, ಚಾದರ ಕೊಂಡು ಹೊರಟುಬಿಡುತ್ತಾರೆ. ಹೀಗೆ ನೋಡಿದರೆ ಮೂರು ಬೇರೆ ಬೇರೆ ಸಾಮಾನು ನೋಡಿದ ಹಾಗಾಗುತ್ತದೆ. ಕೆರೆಯ ದಂಡೆಯಲ್ಲಿ ನಿಂತು ನೋಡಿದರೆ ಗುಡಿ ಯಾಕೆ ನೀರಿನ ನಡುವೆ ಇದೆ, ಕೋಟೆ ಯಾಕೆ ಅದೇ ನೀರಿಗೆ ಅಂಟಿಕೊಂಡಿದೆ, ಜಾತ್ರೆ ಯಾಕೆ ಅಲ್ಲೇ ನೆರೆಯುತ್ತದೆ ಅನ್ನುವುದು ಒಂದಕ್ಕೊಂದು ಕೂಡಿಕೊಳ್ಳುತ್ತದೆ.

ಕೆರೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ನಮ್ಮ ಕಡೆ ಮಳೆ ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಹ್ಯಾದ್ರಿ ತನ್ನ ಪಾಲು ಇಳಿಸಿಕೊಂಡ ಮೇಲೆ ಉಳಿದ ಮೋಡ ನಮಗೆ. ಭೂಮಿ ಕಪ್ಪು ಎರೆ, ಕೆಳಗೆ ಗಟ್ಟಿ ಕರಿಕಲ್ಲು. ನೀರು ಆಳಕ್ಕೆ ಸುಲಭವಾಗಿ ಇಳಿಯುವುದಿಲ್ಲ, ಬಿದ್ದದ್ದು ಹರಿದು ಸೀನಾ ನದಿಗೋ ಭೀಮೆಗೋ ಸೇರಿಬಿಡುತ್ತದೆ. ಸೊಲ್ಲಾಪುರ ಊರಿನೊಳಗೆ ನದಿಯೇ ಇಲ್ಲ. ಇಂಥ ಕಡೆ ಊರು ನಿಲ್ಲಬೇಕಾದರೆ ಮಳೆ ನೀರನ್ನು ತಡೆದು ನಿಲ್ಲಿಸಲೇಬೇಕು. ಆ ಕೆಲಸಕ್ಕೆ 12ನೇ ಶತಮಾನದಲ್ಲಿ ಕೈಹಾಕಿದವನು ಸಿದ್ಧರಾಮ. ಆಗ ಊರಿಗೆ ಸೊನ್ನಲಿಗೆ ಅನ್ನುತ್ತಿದ್ದರು. ತಂದೆ ಮುದ್ದುಗೌಡ, ತಾಯಿ ಸುಗ್ಗಲದೇವಿ.

ಸಿದ್ಧರಾಮನ ಬಾಲ್ಯದ ಕಥೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹುಡುಗ ಹೊಲದಲ್ಲಿದ್ದಾಗ ಒಬ್ಬ ಜಂಗಮ ಬಂದು ಸೀತನಿ ಕೇಳಿದ. ಹುಡುಗ ಎಳೆಯ ತೆನೆ ಸುಟ್ಟು ತಿಕ್ಕಿ ಕೊಟ್ಟ. ಆಮೇಲೆ ಜಂಗಮ ಮೊಸರನ್ನ ಕೇಳಿದ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಜಂಗಮ ಇಲ್ಲ. 'ಮಲ್ಲಯ್ಯಾ, ಮಲ್ಲಯ್ಯಾ' ಅಂತ ಅಳುತ್ತಾ ಹುಡುಗ ಶ್ರೀಶೈಲದ ಯಾತ್ರಿಕರ ಜೊತೆ ಹೊರಟುಬಿಟ್ಟ. ಅಲ್ಲೂ ಕಾಣದೆ ಕಮರಿಗೆ ಹಾರಲು ಹೋದಾಗ ಮಲ್ಲಿಕಾರ್ಜುನ ಕೈಹಿಡಿದ, ಊರಿಗೆ ಹೋಗಿ ಅದನ್ನೇ ಇನ್ನೊಂದು ಶ್ರೀಶೈಲ ಮಾಡು ಅಂದ. ಹರಿಹರನ ಸೋದರಳಿಯ ರಾಘವಾಂಕ ಈ ಸಿದ್ಧರಾಮನ ಬದುಕನ್ನೇ ಕಾವ್ಯ ಮಾಡಿದ್ದಾನೆ. ಈ ಕಥೆಯನ್ನು ಬಸ್ಸಿನಲ್ಲೇ ಹೇಳಿ. ಡಿಸೆಂಬರ್ ಕೊನೆಗೆ, ಜನವರಿಗೆ ಹೋದರೆ ದಾರಿ ಪಕ್ಕದ ಹೊಲಗಳಲ್ಲಿ ಜೋಳ ಸೀತನಿಗೆ ಬಂದಿರುತ್ತದೆ. ನಿಮ್ಮ ಮಕ್ಕಳಿಗೆ ಅದರ ರುಚಿ ಗೊತ್ತು. ಬೆಂಗಳೂರಿನ ಮಕ್ಕಳಿಗಿಂತ ಈ ಕಥೆ ನಮ್ಮ ಮಕ್ಕಳಿಗೆ ಹತ್ತಿರದ್ದು.

ಊರಿಗೆ ಮರಳಿದ ಸಿದ್ಧರಾಮ ಜಪಕ್ಕೆ ಕೂರಲಿಲ್ಲ. ಜನರನ್ನು ಕೂಡಿಸಿ ಕೆರೆ ಅಗೆಸಿದ, ಗುಡಿ ಕಟ್ಟಿಸಿದ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದದ್ದು ಈ ಕೆಲಸ ನಡೆಯುತ್ತಿದ್ದಾಗ. ಬಂದವನು 'ಎಲ್ಲಿ ನಿಮ್ಮ ಒಡ್ಡರಾಮ?' ಅಂತ ಕೇಳಿದನಂತೆ. ಕಲ್ಲುಮಣ್ಣಿನ ಕೆಲಸದವನು ಅಂತ ಹಂಗಿಸಿದ ಮಾತು ಅದು. ಕೆಲಸದಲ್ಲಿದ್ದ ಜನ ಸಿಟ್ಟಿಗೆದ್ದು ಅಲ್ಲಮನ ಮೇಲೆ ಕಲ್ಲು ತೂರಿದರು. ಕಲ್ಲಿನ ಗುಡ್ಡೆಯೇ ಬಿದ್ದರೂ ಅಲ್ಲಮನಿಗೆ ಏನೂ ಆಗಲಿಲ್ಲ. ಸಿದ್ಧರಾಮ ಬಂದು ಹಣೆಗಣ್ಣು ಬಿಟ್ಟರೂ ಆ ಉರಿ ಅಲ್ಲಮನ ಪಾದದಲ್ಲಿ ತಣ್ಣಗಾಯಿತು. ಆಮೇಲೆ ಇಬ್ಬರ ನಡುವೆ ಮಾತು ನಡೆಯಿತು. ಹೊರಗೆ ಇಷ್ಟೆಲ್ಲ ಕಟ್ಟುತ್ತೀಯಲ್ಲ, ಒಳಗೆ ಏನು ಕಟ್ಟಿಕೊಂಡೆ ಅನ್ನುವುದು ಅಲ್ಲಮನ ಪ್ರಶ್ನೆಯ ಸಾರ. ಸಿದ್ಧರಾಮ ಅವನ ಜೊತೆ ಕಲ್ಯಾಣಕ್ಕೆ ಹೋದ, ಚೆನ್ನಬಸವಣ್ಣನಿಂದ ಇಷ್ಟಲಿಂಗ ಪಡೆದ. ಅಲ್ಲಮ, ಚೆನ್ನಬಸವಣ್ಣ ಆದ ಮೇಲೆ ಶರಣರ ಅನುಭವ ಮಂಟಪದ ಶೂನ್ಯಪೀಠಕ್ಕೆ ಮೂರನೆಯವನಾಗಿ ಬಂದ. ಕಲ್ಯಾಣ ಚದುರಿದ ಮೇಲೆ ತಿರುಗಿ ತನ್ನ ಊರಿಗೇ ಬಂದ. ಅವನ ಸಮಾಧಿ ಇರುವುದು ಈ ಕೆರೆಯ ನಡುವಿನ ಗುಡಿಯ ಆವರಣದಲ್ಲೇ.

ನನಗೆ ಈ ಜಗಳ ತುಂಬಾ ಇಷ್ಟ. ಇಬ್ಬರೂ ದೊಡ್ಡವರು, ಇಬ್ಬರ ಮಾತಲ್ಲೂ ತೂಕ ಇದೆ. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಾದರೆ ದಂಡೆಯ ಮೇಲೆ ಕೂರಿಸಿ ಕೇಳಿ: ನೀವು ಯಾರ ಕಡೆ? ಎದುರಿಗೆ ನೀರು ಇದೆ, ಜನ ಇನ್ನೂ ಬರುತ್ತಿದ್ದಾರೆ. ಪಠ್ಯದಲ್ಲಿ ಎರಡು ಸಾಲಿನ ಪರಿಚಯ ಓದಿಸುವುದಕ್ಕಿಂತ ಆ ಅರ್ಧ ಗಂಟೆ ಮಕ್ಕಳ ಒಳಗೆ ಉಳಿಯುತ್ತದೆ. 'ಕಪಿಲಸಿದ್ಧಮಲ್ಲಿಕಾರ್ಜುನ' ಅನ್ನುವ ಅಂಕಿತ ಬರುವ ಒಂದಾದರೂ ವಚನವನ್ನು ಮೊದಲೇ ಬಾಯಿಪಾಠ ಮಾಡಿಸಿಕೊಂಡು ಹೋಗಿ. ಅಲ್ಲಿ ಅದನ್ನು ಎಲ್ಲರೂ ಕೂಡಿ ಹೇಳಲಿ.

ಒಂದು ಸಂಕಟದ ಮಾತು. ಕೆರೆಯ ನೀರು ಈಗ ಕುಡಿಯುವ ಹಾಗಿಲ್ಲ. ಪಾಚಿ, ಪ್ಲಾಸ್ಟಿಕ್ಕು, ಪೂಜೆಯ ಸಾಮಾನು ಎಲ್ಲವೂ ಕೂಡಿ ಬೇಸಿಗೆಯಲ್ಲಿ ವಾಸನೆ ಬರುತ್ತದೆ. ಕೆಲವು ಸಲ ಮೀನು ಸತ್ತು ತೇಲಿವೆ. ಮಕ್ಕಳಿಂದ ಇದನ್ನು ಮುಚ್ಚಿಡಬೇಡಿ. ಈ ಕೆರೆಯನ್ನು ಅಗೆಯಲು ಊರಿಗೆ ಊರೇ ಬಂದಿತ್ತು ಅನ್ನುವ ಕಥೆ ಹೇಳಿದ ಮೇಲೆ, ಇವತ್ತಿನ ನೀರನ್ನೂ ತೋರಿಸಬೇಕು.

ಗುಡಿಯ ಬಗ್ಗೆ ಕಡಿಮೆ ಹೇಳುತ್ತೇನೆ, ನೀವೆಲ್ಲ ಹೋದವರೇ. ಒಂದು ಮಾತ್ರ. ಸಿದ್ಧರಾಮ ಊರಿನ ಸುತ್ತ 68 ಲಿಂಗಗಳನ್ನು ಇಟ್ಟ ಅನ್ನುವುದು ಪ್ರತೀತಿ. ಅವು ಇವತ್ತು ಪೇಟೆಯ ನಡುವೆ, ಮನೆಗಳ ಸಂದಿಯಲ್ಲಿ, ರಸ್ತೆಯ ಬದಿಗೆ ಚದುರಿವೆ. ಎಲ್ಲವನ್ನೂ ಒಂದೇ ದಿನ ಮಕ್ಕಳಿಗೆ ತೋರಿಸಲು ಆಗುವುದಿಲ್ಲ. ಗುಡಿಯ ಹತ್ತಿರದ ನಾಲ್ಕಾರು ತೋರಿಸಿದರೆ ಸಾಕು. ಒಂದು ಊರಿನ ಹಳೆಯ ಎಲ್ಲೆ ಎಲ್ಲಿತ್ತು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ನಕ್ಷೆ ಸಿಗುವುದಿಲ್ಲ.

ಈ 68 ಲಿಂಗಗಳು ಒಟ್ಟಿಗೆ ಜೀವ ತಳೆಯುವುದು ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ. ಸಾಧ್ಯವಾದರೆ ನಿಮ್ಮ ಸಹಲನ್ನು ಆ ದಿನಗಳಿಗೇ ಇಟ್ಟುಕೊಳ್ಳಿ. ಗದ್ದಲ ಇರುತ್ತದೆ, ಸಣ್ಣ ಮಕ್ಕಳನ್ನು ತರುವುದು ಕಷ್ಟ, ಆದರೆ ದೊಡ್ಡ ಕ್ಲಾಸಿನ ಮಕ್ಕಳಿಗೆ ಅದು ನೋಡಲೇಬೇಕಾದ್ದು. ಜಾತ್ರೆಯ ಹಿಂದೆ ಒಂದು ಮದುವೆಯ ಕಥೆ ಇದೆ. ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮನನ್ನೇ ಮದುವೆಯಾಗುತ್ತೇನೆ ಅಂದಳು. ಸಿದ್ಧರಾಮ ಯೋಗಿ, ಮದುವೆ ಸಾಧ್ಯವಿಲ್ಲ ಅಂದ. ಕೊನೆಗೆ ಅವನ ಯೋಗದಂಡದ ಜೊತೆ ಅವಳ ಮದುವೆಯಾಯಿತು. ಮಾರನೆಯ ದಿನ ಅವಳು ಹೋಮದ ಬೆಂಕಿಗೆ ಇಳಿದಳು. ಇವತ್ತಿಗೂ ಪ್ರತಿ ವರ್ಷ ಆ ಮದುವೆ ನಡೆಯುತ್ತದೆ.

ಬಿದಿರಿನ ಎತ್ತರದ ಏಳು ನಂದಿಧ್ವಜಗಳು ಉತ್ತರ ಕಸಬಾದ ಹಿರೇಹಬ್ಬು ಮನೆತನದ ವಾಡೆಯಿಂದ ಹೊರಡುತ್ತವೆ. ಭೋಗಿಯ ದಿನ 68 ಲಿಂಗಗಳಿಗೂ ಹೋಗಿ ಎಣ್ಣಿಮಜ್ಜನ. ಸಂಕ್ರಾಂತಿಯ ದಿನ ಗುಡಿಯ ಹತ್ತಿರದ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಮರುದಿನ ಹೋಮ ಮೈದಾನದಲ್ಲಿ ಹೋಮ. ಆಮೇಲೆ ಮದ್ದು ಸುಡುವುದು. ಧ್ವಜ ಹಿಡಿಯುವವರೂ ಜೊತೆಗೆ ನಡೆಯುವವರೂ ಬಿಳಿಯ ಬಾರಾಬಂದಿ ಅಂಗಿ ತೊಟ್ಟಿರುತ್ತಾರೆ. ಅಷ್ಟು ಭಾರದ ಕೋಲನ್ನು ಸೊಂಟದ ಪಟ್ಟಿಯಲ್ಲಿ ಊರಿಕೊಂಡು ಒಬ್ಬನೇ ಹೊತ್ತು ನಡೆಯುವುದನ್ನು ನೋಡಬೇಕು. ಅದಕ್ಕೆ ತಿಂಗಳುಗಟ್ಟಲೆ ಮುಂಚೆ ರಾತ್ರಿ ಹೊತ್ತು ಅಭ್ಯಾಸ ನಡೆಯುತ್ತದೆ. ಏಳು ಧ್ವಜಗಳ ಮಾನ ಬೇರೆ ಬೇರೆ ಸಮಾಜಗಳದ್ದು. ಅಕ್ಷತೆಯ ಹೊತ್ತಿಗೆ 'ಸತ್ಯಂ ಸತ್ಯಂ, ದಿಡ್ಡಂ ದಿಡ್ಡಂ' ಅನ್ನುವ ದನಿ ಏಳುತ್ತದೆ. ಸುತ್ತ ನಿಂತವರಲ್ಲಿ ಮರಾಠಿ ಮಾತಾಡುವವರು, ತೆಲುಗು ಮಾತಾಡುವವರು, ಕನ್ನಡದವರು ಎಲ್ಲರೂ ಇರುತ್ತಾರೆ. ಯಾರಿಗೂ ಅದು ಪರಕೀಯ ಅನ್ನಿಸುವುದಿಲ್ಲ. ನಮ್ಮ ಜಿಲ್ಲೆಯ ಬಗ್ಗೆ ನನಗೆ ಅತ್ಯಂತ ಹೆಮ್ಮೆ ಅನ್ನಿಸುವುದು ಆ ಹೊತ್ತಿನಲ್ಲಿ.

ಇನ್ನು ಕೋಟೆ. ಗುಡಿಯಿಂದ ನಡೆದೇ ಹೋಗಬಹುದು. ಇದು ಬೆಟ್ಟದ ಮೇಲಿನ ಕೋಟೆಯಲ್ಲ, ಬಯಲಲ್ಲಿ ಕಟ್ಟಿದ ಭುಯಿಕೋಟೆ. ಮೊದಲು ಕಟ್ಟಿದ್ದು ಬಹಮನಿಯವರ ಕಾಲದಲ್ಲಿ, 14ನೇ ಶತಮಾನದಲ್ಲಿ. ಆಮೇಲೆ ವಿಜಯಪುರದ ಆದಿಲಶಾಹಿಗಳು ಅದನ್ನು ಬೆಳೆಸಿದರು. ಎರಡು ಸುತ್ತಿನ ಗೋಡೆ, ಮೂರು ಕಡೆ ಕಂದಕ, ಮೂಡಣಕ್ಕೆ ಸಿದ್ಧೇಶ್ವರ ಕೆರೆ. ಇಲ್ಲೇ ಮಕ್ಕಳನ್ನು ನಿಲ್ಲಿಸಿ. ಬೆಟ್ಟ ಇಲ್ಲದ ಕಡೆ ಕೋಟೆಗೆ ಕಾವಲು ಏನು? ನೀರು. ಆ ನೀರು ಇಲ್ಲಿ ಮೊದಲೇ ಇತ್ತು. ಜನರಿಗೆ, ದನಕರುಗಳಿಗೆ ಅಂತ ಸಿದ್ಧರಾಮ ಅಗೆಸಿದ ಕೆರೆ ಎರಡು ಶತಮಾನದ ಮೇಲೆ ಸುಲ್ತಾನರಿಗೆ ಒಂದು ಕಡೆಯ ಗೋಡೆಯ ಕೆಲಸ ಮಾಡಿತು.

ಕೋಟೆಯ ಗೋಡೆಯನ್ನು ಹತ್ತಿರದಿಂದ ನೋಡಿ. ಅಲ್ಲಲ್ಲಿ ಕೆತ್ತನೆ ಇರುವ ಕಲ್ಲುಗಳು ಸೇರಿಕೊಂಡಿವೆ. ಹಳೆಯ ಗುಡಿಗಳ ಕಲ್ಲು. ಒಳಗೆ ಹೋದರೆ ಮಲ್ಲಿಕಾರ್ಜುನ ಗುಡಿಯ ಅವಶೇಷವಿದೆ. ಮಣ್ಣಿನಡಿ ಹುದುಗಿದ್ದನ್ನು ಅಗೆದು ತೆಗೆದದ್ದು. ಸಿದ್ಧರಾಮನ ಕಾಲದ ಊರು ಎಲ್ಲಿತ್ತು ಅನ್ನುವುದಕ್ಕೆ ಕಣ್ಣಿಗೆ ಕಾಣುವ ಗುರುತು ಅದು. ಅದೇ ಆವರಣದಲ್ಲಿ ಕಂಬಗಳ ಸಾಲಿನ ಹಳೆಯ ಮಸೀದಿಯೂ ಇದೆ. ಮಕ್ಕಳು ಕೇಳುತ್ತಾರೆ, ಗುಡಿ ಒಡೆದವರು ಯಾರು, ಯಾಕೆ ಅಂತ. ಕೇಳಲಿ. ಸುಮ್ನೆ ಹಾರಿಸಿ ಮಾತಾಡಬೇಡಿ. ಆ ಕಾಲದಲ್ಲಿ ಗೆದ್ದ ರಾಜರು ಸೋತವರ ಗುಡಿಗಳಿಗೆ ಕೈಹಾಕುತ್ತಿದ್ದರು, ಸಿದ್ಧವಾಗಿ ಸಿಕ್ಕ ಕಲ್ಲನ್ನು ಮತ್ತೆ ಬಳಸುತ್ತಿದ್ದರು ಅನ್ನುವುದನ್ನು ಇದ್ದ ಹಾಗೆ ಹೇಳಿ. ಇವತ್ತು ಅದೇ ಊರಿನಲ್ಲಿ ಎಲ್ಲರೂ ಕೂಡಿ ಬದುಕುತ್ತಿರುವುದನ್ನೂ ಇದ್ದ ಹಾಗೆ ತೋರಿಸಿ.

ಈ ಕೋಟೆಗೆ ಆದಷ್ಟು ವರದಕ್ಷಿಣೆಯ ಜಗಳ ಬೇರೆ ಯಾವ ಕೋಟೆಗೂ ಆಗಿರಲಿಕ್ಕಿಲ್ಲ. ವಿಜಯಪುರದ ಇಸ್ಮಾಯಿಲ್ ಆದಿಲಶಾಹನ ತಂಗಿಯನ್ನು ಅಹಮದನಗರದ ಬುರ್ಹಾನ್ ನಿಜಾಮಶಾಹನಿಗೆ ಕೊಟ್ಟು 1524ರ ಹೊತ್ತಿಗೆ ಮದುವೆಯಾಯಿತು. ಸೊಲ್ಲಾಪುರವನ್ನು ಬಳುವಳಿಯಾಗಿ ಕೊಡುತ್ತೇವೆ ಅನ್ನುವುದು ಮಾತು. ವಿಜಯಪುರದವರು ಕೊಡಲಿಲ್ಲ. ಅಲ್ಲಿಂದ ಮುಂದೆ ಎರಡು ಮನೆತನಗಳು ಈ ಕೋಟೆಗಾಗಿ ಪದೇ ಪದೇ ಹೊಡೆದಾಡಿದವು. ಕೊನೆಗೆ ವಿಜಯನಗರದ ವಿರುದ್ಧ ಒಂದಾಗಬೇಕಾಗಿ ಬಂದಾಗ ಮತ್ತೊಂದು ಮದುವೆ. ಈ ಸಲ ಅಹಮದನಗರದ ಹುಡುಗಿ ಚಾಂದಬೀಬಿ, ವಿಜಯಪುರದ ಅಲಿ ಆದಿಲಶಾಹನಿಗೆ. ಜೊತೆಗೆ ಬಳುವಳಿಯಾಗಿ ಅದೇ ಸೊಲ್ಲಾಪುರ ಕೋಟೆ. ಅದಾದ ಸ್ವಲ್ಪ ದಿನಕ್ಕೆ 1565ರ ತಾಳೀಕೋಟೆ ಯುದ್ಧ. ಹಂಪಿಗೆ ಸಹಲು ಹೋಗಿ ಬಂದ ಮಕ್ಕಳಿಗೆ ಇದನ್ನು ಹೇಳಿ. ಹಂಪಿ ಬೀಳುವುದಕ್ಕೆ ಕಟ್ಟಿದ ಗಂಟಿನಲ್ಲಿ ಒಂದು ಎಳೆ ನಮ್ಮ ಸೊಲ್ಲಾಪುರದ್ದು. ಚಾಂದಬೀಬಿ ಮುಂದೆ 1595–96ರಲ್ಲಿ ಅಕ್ಬರನ ಸೇನೆಯ ಎದುರು ಅಹಮದನಗರದ ಕೋಟೆಯನ್ನು ನಿಂತು ಕಾಯ್ದವಳು. ಹೆಣ್ಣುಮಕ್ಕಳು ಈ ಹೆಸರನ್ನು ಮರೆಯದ ಹಾಗೆ ಹೇಳಿ.

ಆಮೇಲೆ ಮೊಗಲರು ಬಂದರು, ನಿಜಾಮ ಬಂದ, ಪೇಶವೆ ಬಂದರು. 1818ರ ಮೇ ತಿಂಗಳಲ್ಲಿ ಥಾಮಸ್ ಮನ್ರೋ ದಕ್ಷಿಣದಿಂದ ಬಂದು ಕೋಟೆಗೆ ಮುತ್ತಿಗೆ ಹಾಕಿ ಗೆದ್ದ. ಎರಡನೇ ಬಾಜಿರಾಯನ ಕಡೆಯವರು ಇಲ್ಲಿ ಸೋತ ಮೇಲೆ ಪೇಶವೆಗಳ ಆಟ ಬಹುತೇಕ ಮುಗಿಯಿತು.

ಕೋಟೆಯಿಂದ ಹೊರಗೆ ಬಂದರೆ ಇನ್ನೊಂದು ಸೊಲ್ಲಾಪುರ ಇದೆ. ಗಿರಣಿಗಳ ಸೊಲ್ಲಾಪುರ. 1860ರಲ್ಲಿ ರೈಲು ಬಂತು, 1877ರಲ್ಲಿ ಮೊದಲ ಬಟ್ಟೆ ಗಿರಣಿ. ಜನ ಅದನ್ನು ಜುನಿ ಗಿರಣಿ ಅನ್ನುತ್ತಿದ್ದರು. ಒಂದಾದ ಮೇಲೆ ಒಂದು ಗಿರಣಿ ಎದ್ದು, ಭೋಂಗಾ ಕೂಗಿದಾಗ ಊರಿಗೆ ಊರೇ ಏಳುವ ಕಾಲ ಬಂತು. ಅಕ್ಕಲಕೋಟೆ, ಇಂಡಿ, ಆಳಂದದ ಕಡೆಯಿಂದ ಬರಗಾಲಕ್ಕೆ ಹೊಲ ಬಿಟ್ಟು ಹೋದ ನಮ್ಮ ಮನೆಗಳ ಹಿರಿಯರು ಆ ಗಿರಣಿಗಳಲ್ಲಿ ದುಡಿದಿದ್ದಾರೆ. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದು ಊರಿನ ಪೂರ್ವ ಭಾಗವನ್ನು ಮಗ್ಗದ ಸದ್ದಿನಿಂದ ತುಂಬಿದರು. ಹಳೆಯ ದೊಡ್ಡ ಗಿರಣಿಗಳು ಮುಚ್ಚಿವೆ. ಪವರ್‌ಲೂಮುಗಳು ಉಳಿದಿವೆ. ಸೊಲ್ಲಾಪುರಿ ಚಾದರಕ್ಕೂ ಟವೆಲಿಗೂ ಜಿಐ ಮಾನ್ಯತೆ, ಅಂದರೆ ಈ ಊರಿನದೇ ಸರಕು ಅನ್ನುವ ಕಾನೂನಿನ ಗುರುತು, ಇದೆ. ಅಂಗಡಿಯಲ್ಲಿ ಚಾದರ ಕೊಳ್ಳುವುದಕ್ಕಿಂತ ಮೊದಲು, ಮಾಲೀಕರನ್ನು ಕೇಳಿಕೊಂಡು ಒಂದು ಕಾರಖಾನೆಯ ಒಳಗೆ ಮಕ್ಕಳನ್ನು ಕರೆದೊಯ್ಯಿರಿ. ತೂತು ಹೊಡೆದ ರಟ್ಟುಗಳ ಸರ ಮೇಲೆ ತಿರುಗುತ್ತದೆ, ಕೆಳಗೆ ನವಿಲು, ಹೂವು ಮೂಡುತ್ತವೆ. ಯಾವ ನೂಲು ಏಳಬೇಕು, ಯಾವುದು ಮಲಗಬೇಕು ಅನ್ನುವುದನ್ನು ಆ ತೂತುಗಳು ಹೇಳುತ್ತವೆ. ಜಕಾರ್ಡ್ ಅನ್ನುತ್ತಾರೆ. ಕಂಪ್ಯೂಟರ್ ಕಲಿಸುವ ಗುರುಗಳಿಗೆ ಅಲ್ಲಿ ಒಂದು ಪೂರ್ತಿ ಪಾಠ ಇದೆ.

ಪಾಲಿಕೆಯ ಇಂದ್ರಭುವನ ಕಟ್ಟಡವನ್ನು ಹೊರಗಿನಿಂದಲಾದರೂ ನೋಡಿ. ಕಟ್ಟಿಸಿದವರು ವಾರದ ಮನೆತನದ ಮಲ್ಲಪ್ಪ, ಜನರ ಬಾಯಲ್ಲಿ ಅಪ್ಪಾಸಾಹೇಬ ವಾರದ. ಕಲ್ಲಿನ ಕೆಲಸ, ಮೂರ್ತಿಗಳು, ಗೋಪುರ ಎಲ್ಲವೂ ಆ ಕಾಲದ ವ್ಯಾಪಾರಿಯ ಹುರುಪನ್ನು ತೋರಿಸುತ್ತವೆ. ನನಗೆ ವಾಡೆಗಿಂತ ಅದರ ಎದುರು ನಿಂತ ಮಕ್ಕಳ ಮುಖ ನೋಡುವುದು ಇಷ್ಟ.

ಅಲ್ಲಿಂದ ಹುತಾತ್ಮ ಚೌಕ. ಇಲ್ಲಿ ಅವಸರ ಬೇಡ. 1930ರ ಮೇ ತಿಂಗಳಲ್ಲಿ ಗಾಂಧೀಜಿಯನ್ನು ಬಂಧಿಸಿದ ಸುದ್ದಿ ಬಂದಾಗ ಸೊಲ್ಲಾಪುರ ಸಿಡಿಯಿತು. ಮೇ 8ರಂದು ಗೋಳಿಬಾರ್, ಠಾಣೆಗೆ ಬೆಂಕಿ. ಅಧಿಕಾರಿಗಳು ಹಿಂದೆ ಸರಿದ ಕೆಲವು ದಿನ ಊರನ್ನು ಊರಿನವರೇ ನಡೆಸಿದರು. ಮೇ 12ರಂದು ಸರಕಾರ ಲಷ್ಕರಿ ಕಾಯದೆ ಹೇರಿತು. ಜೂನ್ ಕೊನೆಯವರೆಗೆ ಅದು ಇತ್ತು. ಗಾಂಧಿ ಟೋಪಿ ಹಾಕಿದ್ದಕ್ಕೆ, ಧ್ವಜ ಹಿಡಿದಿದ್ದಕ್ಕೆ ಜನ ಜೈಲಿಗೆ ಹೋದರು. ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾಲ್ಕು ಹೆಸರುಗಳನ್ನೂ ಮಕ್ಕಳು ಜೋರಾಗಿ ಓದಲಿ. ಸೊಲ್ಲಾಪುರದಲ್ಲಿ ಯಾರು ಯಾರು ಇದ್ದರು ಅನ್ನುವುದು ಆ ಹೆಸರುಗಳಲ್ಲೇ ಇದೆ. ಜನವರಿ 12ಕ್ಕೆ ಹುತಾತ್ಮರ ದಿನ, ಮರುದಿನವೇ ಗಡ್ಡಾ ಜಾತ್ರೆಯ ನಂದಿಧ್ವಜ ಹೊರಡುತ್ತದೆ. ಎರಡನ್ನೂ ನೋಡುವ ಹಾಗೆ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು.

ಡಾಕ್ಟರ್ ದ್ವಾರಕಾನಾಥ ಕೋಟಣೀಸರು ಹುಟ್ಟಿದ್ದು ಇದೇ ಊರಲ್ಲಿ, 1910ರಲ್ಲಿ. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ 1938ರಲ್ಲಿ ಭಾರತದಿಂದ ಹೋದ ವೈದ್ಯರಲ್ಲಿ ಒಬ್ಬರು. ಗಾಯಾಳುಗಳ ಚಿಕಿತ್ಸೆ ಮಾಡುತ್ತಲೇ 1942ರ ಡಿಸೆಂಬರ್‌ನಲ್ಲಿ, ಮೂವತ್ತೆರಡನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು. ಅವರ ಮನೆ ಈಗ ಸ್ಮಾರಕ. ಡಾಕ್ಟರ್ ಆಗಬೇಕು ಅನ್ನುವ ಹುಡುಗ ಹುಡುಗಿ ಪ್ರತಿ ಕ್ಲಾಸಿನಲ್ಲೂ ಇದ್ದೇ ಇರುತ್ತಾರೆ, ಅಲ್ವಾ? ಅವರಿಗಾಗಿ ಈ ಮನೆ.

ವಿಜಯಪುರ ರಸ್ತೆಯ ಕಂಬರ ಕೆರೆಗೆ ಚಳಿಗಾಲದಲ್ಲಿ ಹಕ್ಕಿಗಳು ಬರುತ್ತವೆ. ನಾನ್ನಜದ ಹುಲ್ಲುಗಾವಲಿನಲ್ಲಿ ಮಾಳಢೋಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಅಭಯಾರಣ್ಯ ಇದೆ. ಆ ಹಕ್ಕಿ ಈಗ ದೇಶದಲ್ಲೇ ತೀರಾ ಅಪರೂಪ. ಕಾಣುತ್ತದೆ ಅನ್ನುವ ಆಸೆ ಮಕ್ಕಳಲ್ಲಿ ಹುಟ್ಟಿಸಬೇಡಿ. ಕೃಷ್ಣಮೃಗ ಕಂಡರೆ ಸಂತೋಷ ಪಡಲಿ.

ಊಟದ ಚಿಂತೆ ಬೇಡ. ಬುತ್ತಿ ಕಟ್ಟಿಕೊಂಡು ಹೋಗಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಸೊಲ್ಲಾಪುರದವರೂ ಹೆಮ್ಮೆಯಿಂದ ತಿನ್ನುವುದು ಅದನ್ನೇ. ಮಾರ್ಚ್ ದಾಟಿದ ಮೇಲೆ ಮಾತ್ರ ಖಂಡಿತ ಹೋಗಬೇಡಿ. ಕೋಟೆಯಲ್ಲಿ ಮಧ್ಯಾಹ್ನದ ಬಿಸಿಲು ಮಕ್ಕಳಿಗೆ ತಡೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಸಭೆಯಿಂದ ಪ್ರಶ್ನೆಗಳು ಬಂದವು.

ಒಬ್ಬ ಅಕ್ಕಾವ್ರು ಕೇಳಿದರು: 'ಅಲ್ಲಿನ ಬೋರ್ಡುಗಳೆಲ್ಲ ಮರಾಠಿ. ನಮ್ಮ ಮಕ್ಕಳಿಗೆ ಕನ್ನಡ ಎಲ್ಲಿ ತೋರಿಸುವುದು?'

ಬೋರ್ಡು ಮರಾಠಿಯಲ್ಲಿದ್ದರೆ ಮರಾಠಿ ಓದಲಿ ಅಕ್ಕಾವ್ರೇ, ನಮ್ಮ ಮಕ್ಕಳಿಗೆ ಎರಡೂ ಬರುತ್ತವಲ್ಲ. ಅದು ನಮ್ಮ ಬಲ. ಕನ್ನಡ ಕೇಳಬೇಕಾದರೆ ಬಾಳಿವೇಸಿನ ಮಲ್ಲಿಕಾರ್ಜುನ ಗುಡಿಯ ಸುತ್ತ, ಕಸಬಾದ ಓಣಿಗಳಲ್ಲಿ ನಡೆಯಿರಿ. ಅಂಗಡಿಯಲ್ಲಿ, ಕಟ್ಟೆಯ ಮೇಲೆ ಕೂತವರಲ್ಲಿ ಕಿವಿಗೆ ಬೀಳುತ್ತದೆ. ಮಕ್ಕಳೇ ಹೋಗಿ ಮಾತಾಡಿಸಲಿ. ಇನ್ನೊಂದು ವಿಷಯ ಹೇಳಿ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಸೊಲ್ಲಾಪುರದಲ್ಲಿ. ಆ ಸಮ್ಮೇಳನಗಳ ಅಧ್ಯಕ್ಷರಾದ ಮೊದಲ ಹೆಂಗಸು ಯಾರು? 1974ರಲ್ಲಿ ಮಂಡ್ಯದಲ್ಲಿ ಅಧ್ಯಕ್ಷರಾದ ಜಯದೇವಿತಾಯಿ ಲಿಗಾಡೆ. ಸೊಲ್ಲಾಪುರದವರು. ವಚನಗಳನ್ನು ಮರಾಠಿಗೆ ತಂದವರು, ಸಿದ್ಧರಾಮನ ಮೇಲೆ ಕನ್ನಡದಲ್ಲಿ ದೊಡ್ಡ ಕಾವ್ಯ ಬರೆದವರು. ಎರಡು ಭಾಷೆಯ ನಡುವೆ ಹೇಗೆ ಬದುಕಬೇಕು ಅಂತ ನಮ್ಮ ಮಕ್ಕಳಿಗೆ ತೋರಿಸಲು ಅವರಿಗಿಂತ ಬೇರೆ ಹೆಸರು ನನಗೆ ಹೊಳೆಯುವುದಿಲ್ಲ.

ಇನ್ನೊಬ್ಬ ಗುರುಗಳು ನಮ್ಮ ಜಿಲ್ಲೆಯಲ್ಲೇ ಇರುವ ಕೂಡಲ ಅನ್ನುವ ಊರಿನ ಬಗ್ಗೆ ಕೇಳಿದರು. ಅದೇ ಬಸವಣ್ಣನ ಕೂಡಲಸಂಗಮವೇ ಅಂತ.

ಅಲ್ಲ ಗುರುಗಳೇ. ಬಸವಣ್ಣನ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯದು, ಕೃಷ್ಣಾ–ಮಲಪ್ರಭೆ ಕೂಡುವ ಜಾಗ. ನಮ್ಮದು ಹತ್ತರಸಂಗ ಕೂಡಲ, ದಕ್ಷಿಣ ಸೊಲ್ಲಾಪುರ ತಾಲೂಕು. ಭೀಮೆಗೆ ಸೀನಾ ಸೇರುವ ಜಾಗ. ಅಲ್ಲಿನ ಸಂಗಮೇಶ್ವರ ಗುಡಿಯಲ್ಲಿ 1018ರ ಮರಾಠಿ ಬರಹ ಇದೆ. ಸಿಕ್ಕಿರುವ ಮರಾಠಿ ಶಾಸನಗಳಲ್ಲಿ ಅತ್ಯಂತ ಹಳೆಯವುಗಳಲ್ಲಿ ಅದೊಂದು. ಉತ್ಖನನದಲ್ಲಿ ಸಿಕ್ಕ ಬಹುಮುಖಿ ಶಿವಲಿಂಗವನ್ನು ಮಕ್ಕಳು ಬಿಟ್ಟು ಬರುವುದೇ ಇಲ್ಲ. 359 ಸಣ್ಣ ಮುಖಗಳನ್ನು ಕೆತ್ತಿದ ಲಿಂಗ ಅದು. ಎಣಿಸಲು ಕೂತುಬಿಡುತ್ತಾರೆ. ಕೂರಲಿ. ಬಸವಣ್ಣನ ಜಾಗವನ್ನೇ ನೋಡಬೇಕು ಅಂದರೆ ಮಂಗಳವೇಢೆಗೆ ಬೇರೆ ದಿನ ಇಟ್ಟುಕೊಳ್ಳಿ. ಬಿಜ್ಜಳ ಕಲ್ಯಾಣಕ್ಕೆ ಹೋಗುವ ಮೊದಲು ಆಳುತ್ತಿದ್ದದ್ದು ಅಲ್ಲಿಂದ, ಬಸವಣ್ಣ ಕರಣಿಕನ ಕೆಲಸಕ್ಕೆ ಸೇರಿದ್ದೂ ಅಲ್ಲೇ. ಸೊಲ್ಲಾಪುರದ ಜೊತೆ ಅದನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಕೆಡುತ್ತವೆ.

ಕೊನೆಗೆ ಒಬ್ಬ ಹುಡುಗ ಶಿಕ್ಷಕ ಕೇಳಿದ. ಪೂರ್ತಿ ದಿನ ಸಿಗದಿದ್ದರೆ, ನಾಲ್ಕೇ ಗಂಟೆ ಇದ್ದರೆ ಏನು ಮಾಡಲಿ?

ನಾಲ್ಕು ಗಂಟೆ ಇದ್ದರೆ ಕೆರೆ, ಗುಡಿ, ಕೋಟೆ ಅಷ್ಟೇ ನೋಡಿ ತಮ್ಮಾ. ಚಾದರದ ಅಂಗಡಿ ಬಿಡು. ಬೆಳಿಗ್ಗೆಯ ಎಸ್ಟಿ ಬಸ್ಸು ಹಿಡಿದರೆ ಬಿಸಿಲೇರುವ ಮೊದಲೇ ದಂಡೆಗೆ ಮುಟ್ಟುತ್ತೀರಿ. ಮೊದಲ ಒಂದು ಗಂಟೆ ದಂಡೆಯಲ್ಲೇ ಇರಲಿ, ಸಿದ್ಧರಾಮನ ಕಥೆ ಅಲ್ಲಿ. ಆಮೇಲೆ ಗುಡಿ, ಸಮಾಧಿ. ಕೋಟೆಗೆ ಎರಡು ಗಂಟೆ ಬೇಕು, ಒಳಗಿನ ಮಲ್ಲಿಕಾರ್ಜುನ ಗುಡಿಯ ಅವಶೇಷ ತಪ್ಪಿಸಬೇಡ. ಸಮಯ ಮಿಕ್ಕರೆ ಮಾತ್ರ ಹುತಾತ್ಮ ಚೌಕ. ಮಕ್ಕಳ ಕೈಗೆ ಒಂದು ನೋಟುಪುಸ್ತಕ, ಪೆನ್ಸಿಲ್ಲು ಕೊಡು. ಕೋಟೆಯ ಗೋಡೆಯಲ್ಲಿ ಕಂಡ ಕೆತ್ತನೆಯ ಕಲ್ಲುಗಳ ಚಿತ್ರ ಬರೆದುಕೊಂಡು ಬರಲಿ. ಮುಂದಿನ ತಿಂಗಳ ಸಭೆಗೆ ಅವನ್ನು ತೆಗೆದುಕೊಂಡು ಬಾ, ಎಲ್ಲರೂ ಕೂತು ನೋಡೋಣ.